ನೆತ್ತಿಯ ಮೇಲಿನ ಗ್ರಹಣ: ಶ್ವೇತಕುಬ್ಜ ಅಳೆಯಲು ಏಳು ಸೂತ್ರಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ತಾರಾಪ್ರಿಯರೇ, ವಿ471 ಟೌರಿ ಎಂಬ ಜೋಡಿತಾರೆ ಹೆಚ್ಚುಕಡಿಮೆ ನಿಮ್ಮ ನೆತ್ತಿಯ ಮೇಲೆಯೇ ಹಾಯುತ್ತದೆ. ಇದರಲ್ಲಿ ಭೂಮಿಯಷ್ಟು ಗಾತ್ರದ ಬಿಸಿ ಶ್ವೇತಕುಬ್ಜವೊಂದು ಕಿತ್ತಳೆ ಬಣ್ಣದ ಸಂಗಾತಿಯ ಹಿಂದೆ ಹನ್ನೆರಡೂವರೆ ಗಂಟೆಗೊಮ್ಮೆ ಮರೆಯಾಗುತ್ತದೆ. ಈ ಗ್ರಹಣ ಅಳೆಯಲು ದುಬಾರಿ ಸಲಕರಣೆಗಿಂತ ಶಿಸ್ತು ಮುಖ್ಯ.

1. ಆಲ್ಗಾಲ್‌ನಿಂದ ಶುರುಮಾಡಿ. ಡಿಸೆಂಬರ್ ರಾತ್ರಿ ಉತ್ತರದಲ್ಲಿ ಎತ್ತರಕ್ಕೆ ಕಾಣುವ ಈ ತಾರೆ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಗ್ರಹಣದಿಂದ ಮಂಕಾಗುತ್ತದೆ. ಕಿವಿ ಕೇಳದ ತರುಣ ಜಾನ್ ಗುಡ್‌ರಿಕ್ 1783ರಲ್ಲಿ ಬರಿಗಣ್ಣಿನಿಂದಲೇ ಈ ಲಯ ಹಿಡಿದ. ನೀವೂ ಅಲ್ಮಾಕ್ ತಾರೆಗೆ ಹೋಲಿಸಿ ಬರೆದಿಡಿ.

2. ಜಾಗ ಗುರುತಿಸಿ. ವಿ471 ಟೌರಿ ಕೃತ್ತಿಕೆಯಿಂದ ದಕ್ಷಿಣಕ್ಕೆ ಸುಮಾರು 7 ಡಿಗ್ರಿ ದೂರದಲ್ಲಿದೆ. ಅದರ ಕಾಂತಿಮಾನ ಸುಮಾರು 9.4; ಸಣ್ಣ ದೂರದರ್ಶಕ, ಕ್ಯಾಮೆರಾ ಸಾಕು.

3. ನೀಲಿಯನ್ನು ನಂಬಿ. ಶ್ವೇತಕುಬ್ಜ ಬೆಳಗುವುದು ಹೆಚ್ಚಾಗಿ ನೀಲಿ, ಅತಿನೇರಳೆಯಲ್ಲಿ. ಹಸಿರು, ಕೆಂಪಿನಲ್ಲಿ ಬೆಳಕಿನ ಕುಸಿತ ತೀರ ಸಣ್ಣದು. ನೀಲಿ ಫಿಲ್ಟರ್ ಹಾಕಿ, ಇಲ್ಲವೇ ಡಿಎಸ್‌ಎಲ್‌ಆರ್ ಚಿತ್ರದ ನೀಲಿ ಭಾಗವನ್ನಷ್ಟೇ ಅಳೆಯಿರಿ.

4. ಹೋಲಿಕೆ ತಾರೆ ಬಿಡಬೇಡಿ. ಈ ತಾರೆ ಕಾಣುವ ಚಳಿಗಾಲದಲ್ಲೇ ಕಬ್ಬಿನ ಹಂಗಾಮು. ರವದಿ ಸುಟ್ಟ ಹೊಗೆ, ನದಿ ದಂಡೆಯ ಮಂಜು ಎರಡೂ ಬೆಳಕು ತಿನ್ನುತ್ತವೆ. ಅದೇ ಚಿತ್ರದಲ್ಲಿರುವ ಸ್ಥಿರ ತಾರೆಗಳೂ ಅಷ್ಟೇ ಮಂಕಾಗುವುದರಿಂದ, ಅವುಗಳಿಗೆ ಹೋಲಿಸಿದಾಗ ನಿಜವಾದ ಕುಸಿತ ಉಳಿಯುತ್ತದೆ.

5. ಗಡಿಯಾರ ಸರಿಯಿರಲಿ. ಶ್ವೇತಕುಬ್ಜ ಮರೆಗೆ ಸರಿಯಲು ತಗಲುವುದು ಸುಮಾರು ಒಂದೇ ನಿಮಿಷ. ಆದ್ದರಿಂದ ಒಂದೊಂದು ಚಿತ್ರ 10–15 ಸೆಕೆಂಡಿನದಿರಲಿ. ಕ್ಯಾಮೆರಾದ ಸಮಯವನ್ನು ಜಿಪಿಎಸ್‌ಗೆ ಹೊಂದಿಸಿ.

6. ಮುಂಚೆ ಬನ್ನಿ, ತಡವಾಗಿ ಹೊರಡಿ. ಗ್ರಹಣದ ಅವಧಿ ಮುಕ್ಕಾಲು ಗಂಟೆ ಮೀರುತ್ತದೆ. ಕಿತ್ತಳೆ ತಾರೆಯ ಕಲೆಗಳಿಂದಲೂ ಬೆಳಕು ಏರಿಳಿಯುವುದರಿಂದ ಹಿಂದೆ ಮುಂದೆ ಒಂದೊಂದು ಗಂಟೆ ಅಳೆಯಿರಿ. ಇಂದು ತಪ್ಪಿದರೆ ನಾಳೆ ಸುಮಾರು ಒಂದು ಗಂಟೆ ತಡವಾಗಿ ಮತ್ತೊಂದು ಗ್ರಹಣ.

7. ಅಂಕಿ ಹಂಚಿ. 1911ರಲ್ಲಿ ಹುಟ್ಟಿದ ಅಮೆರಿಕದ ಚರತಾರೆ ವೀಕ್ಷಕರ ಸಂಘ ಎಲ್ಲ ದೇಶಗಳ ಹವ್ಯಾಸಿಗಳ ಅಳತೆಗಳನ್ನೂ ಸ್ವೀಕರಿಸುತ್ತದೆ. ಈ ಜೋಡಿಯ ಗ್ರಹಣಗಳು ದಶಕಗಳಿಂದ ಲೆಕ್ಕಕ್ಕಿಂತ ಒಮ್ಮೆ ಮೊದಲು, ಒಮ್ಮೆ ತಡವಾಗಿ ಆಗುತ್ತಿವೆ. ಕಾಣದ ಮೂರನೇ ಕಾಯವೊಂದು ಎಳೆಯುತ್ತಿದೆ ಎಂಬ ಊಹೆಯಿತ್ತು. ಆದರೆ 2015ರಲ್ಲಿ ಪ್ರಕಟವಾದ ಚಿಲಿಯ ಬೃಹತ್ ದೂರದರ್ಶಕದ ಚಿತ್ರದಲ್ಲಿ ಅದು ಸಿಗಲಿಲ್ಲ. ಕಾರಣ ಇನ್ನೂ ಚರ್ಚೆಯಲ್ಲಿದೆ. ಅಥಣಿಯ ಮಾಳಿಗೆಯಿಂದ ಸರಿಯಾಗಿ ದಾಖಲಾದ ಒಂದು ಗ್ರಹಣದ ಹೊತ್ತೂ ಆ ಚರ್ಚೆಗೆ ಸಾಕ್ಷಿಯಾಗುತ್ತದೆ.