ಹಸಿರುಗಟ್ಟಿದ ಆಲೂಗಡ್ಡೆ: ಕುದಿಸಿದರೂ ಹೋಗದ ಕಹಿ

ಯಶವಂತಪುರದ ಕೃಷಿ ಮಾರುಕಟ್ಟೆ ಆಲೂಗಡ್ಡೆ, ಈರುಳ್ಳಿಯ ವ್ಯಾಪಾರಕ್ಕೆ ಹೆಸರಾದದ್ದು. ಯಲಹಂಕ, ಹೆಬ್ಬಾಳದ ಅಂಗಡಿಗಳ ಮುಂದೆ ಆಲೂಗಡ್ಡೆಯ ರಾಶಿ ಬಿಸಿಲಿಗೆ ಬಿದ್ದಿರುವುದನ್ನು ನಾವು ಕಂಡಿದ್ದೇವೆ. ಅವುಗಳಲ್ಲಿ ಕೆಲವು ಹಸಿರುಗಟ್ಟಿರುತ್ತವೆ. ತೊಳೆದು ಬೇಯಿಸಿದರೆ ಸಾಕೆಂದು ಭಾವಿಸಿ ಅವನ್ನೂ ನಾವು ಅಡುಗೆಗೆ ಬಳಸುತ್ತೇವೆ. ಇದು ಸರಿಯಲ್ಲ.

ಬೆಳಕು ತಾಗಿದ ಗಡ್ಡೆಯಲ್ಲಿ ಪತ್ರಹರಿತ್ತು ಉಂಟಾಗಿ ಸಿಪ್ಪೆ ಹಸಿರಾಗುತ್ತದೆ. ಆ ಬಣ್ಣದಿಂದ ಹಾನಿಯಿಲ್ಲ. ಆದರೆ ಅದೇ ಬೆಳಕಿನಿಂದ ಸೋಲನಿನ್, ಚಾಕೊನಿನ್ ಎಂಬ ಕಹಿಯಾದ ಆಲ್ಕಲಾಯ್ಡುಗಳೂ ಹೆಚ್ಚುತ್ತವೆ. ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಸಸ್ಯವು ಸಿದ್ಧಪಡಿಸಿಕೊಳ್ಳುವ ವಿಷವಿದು. ಸಿಪ್ಪೆ, ಕಣ್ಣು, ಮೊಳಕೆಗಳಲ್ಲಿ ಇದು ಅಧಿಕ. ಒಂದು ಕಿಲೋ ಗಡ್ಡೆಯಲ್ಲಿ 200 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯವಾಗಿ ಒಪ್ಪಿರುವ ಮಿತಿ. ಹೆಚ್ಚು ಸೇವಿಸಿದವರಿಗೆ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು, ತಲೆನೋವು ಕಾಣಿಸಿಕೊಳ್ಳುತ್ತವೆ.

ಎಲ್ಲ ಕಹಿಯೂ ಒಂದೇ ಬಗೆಯದಲ್ಲ. ಮೆಡಿಟರೇನಿಯನ್ ತೀರದ ಜನರು ನಮ್ಮ ಅವರೆಯ ಬಳಗಕ್ಕೆ ಸೇರಿದ ಲೂಪಿನ್ ಕಾಳನ್ನು ಬೇಯಿಸಿ, ನೀರು ಬದಲಿಸುತ್ತ ಹಲವು ದಿನ ನೆನೆಸಿ ತಿನ್ನುತ್ತಾರೆ. ಅದರ ಕಹಿ ಆಲ್ಕಲಾಯ್ಡು ನೀರಿನೊಡನೆ ಹೊರಟುಹೋಗುತ್ತದೆ. ಆಲೂಗಡ್ಡೆಯ ವಿಷ ಹಾಗಲ್ಲ. ನೀರು ಕುದಿಯುವ ಬಿಸಿಗೆ ಅದು ನಾಶವಾಗುವುದಿಲ್ಲ.

ಲಂಡನ್ನಿನ ಶಾಲೆಯೊಂದರಲ್ಲಿ ಮಧ್ಯಾಹ್ನ ಆಲೂಗಡ್ಡೆ ಉಂಡ 78 ಬಾಲಕರು ಅಸ್ವಸ್ಥರಾದ ಪ್ರಕರಣವು 1979ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ರಜೆಗೆ ಮುನ್ನ ತಂದು ಉಳಿದಿದ್ದ ಗಡ್ಡೆಯ ಮೇಲೆ ಸಂಶಯ ಮೂಡಿತು. ನೂರಾರು ಜನರಿಗೆ ಒಂದೇ ಒಲೆಯಲ್ಲಿ ಅಡುಗೆಯಾಗುವ ದಾಸೋಹದ ಮನೆಗಳಲ್ಲಿ, ಜಾತ್ರೆ ಮುಗಿದ ಮೇಲೆ ಉಳಿಯುವ ಚೀಲಗಳ ಬಗ್ಗೆ ನಾವು ಇದನ್ನು ನೆನಪಿಡಬೇಕು.

ಆಲೂಗಡ್ಡೆಯನ್ನು ಕತ್ತಲಿರುವ, ಗಾಳಿಯಾಡುವ ತಂಪು ಜಾಗದಲ್ಲಿ ಗೋಣಿಚೀಲದಲ್ಲಿಡಿ. ಒಂದೆರಡು ಕಡೆ ಮಾತ್ರ ಹಸಿರಿದ್ದರೆ ಆ ಭಾಗವನ್ನೂ ಕಣ್ಣುಗಳನ್ನೂ ಆಳವಾಗಿ ಕೊಯ್ದು ತೆಗೆದು, ಸಿಪ್ಪೆ ಹೆರೆದು ಬಳಸಬಹುದು. ಬಹುಭಾಗ ಹಸಿರಾದ, ಮೊಳೆತು ಸುಕ್ಕುಗಟ್ಟಿದ ಗಡ್ಡೆಯನ್ನು ಬಿಟ್ಟುಬಿಡಿ. ಹಸುವಿಗೂ ಹಾಕದೆ ಗೊಬ್ಬರದ ಗುಂಡಿಗೆ ಸೇರಿಸಿ. ಸಾರು, ಪಲ್ಯದ ಮಸಾಲೆಯಲ್ಲಿ ಕಹಿ ಮರೆಯಾಗಬಹುದು; ಆದ್ದರಿಂದ ಹೆಚ್ಚುವಾಗಲೇ ನೋಡಿ. ಬಾಯಿಗೆ ಕಹಿಯೆನಿಸಿದರೆ ಅಲ್ಲಿಗೇ ನಿಲ್ಲಿಸಿ. ಮಕ್ಕಳು ಬೇಡವೆಂದರೆ ಒತ್ತಾಯಿಸಬೇಡಿ.

ಆಹಾರವನ್ನು ಚೆಲ್ಲಬಾರದೆಂಬುದು ನಮ್ಮ ಸಂಸ್ಕಾರ. ಕೆಡುವ ಮೊದಲೇ ಬಳಸುವುದರಿಂದ ಅದು ಉಳಿಯುತ್ತದೆ. ಕೆಟ್ಟದ್ದನ್ನು ಎಲೆಗೆ ಬಡಿಸುವುದರಿಂದಲ್ಲ.