ಅವರ ಪಕ್ಕ ಹೋಗಿ ಕೂಡ್ರಿ

ತಂಗಿ, ತಮ್ಮಾ, ನಮ್ಮ ಅಕ್ಕಿಆಲೂರಿಗೆ ರಕ್ತದಾನಿಗಳ ಊರು ಅಂತ ಹೆಸರಿದೆ. ಯಾರು ಏನು ಅಂತ ಕೇಳದೆ, ದೂರದ ಆಸ್ಪತ್ರೆಯಲ್ಲಿ ಮಲಗಿದವರಿಗಾಗಿ ತೋಳು ಚಾಚಿ ರಕ್ತ ಕೊಟ್ಟು ಬರುವ ಹುಡುಗರು ಇಲ್ಲಿದ್ದಾರೆ. ಆ ಹೆಸರು ಕೇಳಿದಾಗಲೆಲ್ಲ ನನ್ನ ಎದೆ ಉಬ್ಬುತ್ತದೆ. ಶಾಲೆಯಲ್ಲೇ ಕೂದಲು ಹಣ್ಣಾದವನು ನಾನು. ಅದಕ್ಕೇ ಒಂದು ಮಾತು ನಿಮ್ಮ ಕಿವಿಗೆ ಹಾಕಬೇಕು. ಮುಖ ಕಾಣದವರಿಗೆ ರಕ್ತ ಕೊಡುವ ಊರಿನಲ್ಲಿ, ದಿನಾ ಮುಖ ನೋಡುವ ಗೆಳತಿಯ ಪರವಾಗಿ ತರಗತಿಯಲ್ಲಿ ಒಂದು ಮಾತಾಡುವುದಕ್ಕೆ ಹಿಂಜರಿಯಬಾರದು.

ಬಿಸಿಯೂಟದ ಹೊತ್ತಿಗೆ ವರಾಂಡ ನೋಡಿ. ಸಾಲಾಗಿ ಕೂತ ಮಕ್ಕಳ ನಡುವೆ ಎಲ್ಲೋ ಒಂದು ಕಡೆ ಎರಡು ಗೇಣು ಜಾಗ ಖಾಲಿ ಬಿದ್ದಿರುತ್ತದೆ. ಅದರಾಚೆ ಒಬ್ಬಳು ಕೂತಿರುತ್ತಾಳೆ. ತಲೆ ಎತ್ತದೆ ಬೇಗ ಬೇಗ ಉಂಡು, ಎಲ್ಲರಿಗಿಂತ ಮೊದಲು ನಳದ ಹತ್ತಿರ ಹೋಗಿ ತಾಟು ತೊಳೆಯುತ್ತಾಳೆ. ಅವಳನ್ನು ಯಾರೂ ಬೈದಿಲ್ಲ, ಯಾರೂ ಹೊಡೆದಿಲ್ಲ. ಆದರೂ ಆ ಜಾಗ ಯಾಕೆ ಖಾಲಿ ಇದೆ ಅಂತ ಅವಳಿಗೆ ಗೊತ್ತು, ನಿಮಗೂ ಗೊತ್ತು. ಅಪ್ಪ-ಅವ್ವನ ಜೊತೆ ಗುಳೆ ಹೋಗಿ ತಿಂಗಳುಗಟ್ಟಲೆ ಪಾಠ ತಪ್ಪಿಸಿಕೊಂಡು ತಾಂಡಾಕ್ಕೆ ಮರಳಿದ ಹುಡುಗನ ಸುತ್ತಲೂ ಹೀಗೇ ಜಾಗ ಖಾಲಿ ಇರುತ್ತದೆ. ಓದಲು ಎದ್ದು ನಿಂತರೆ ನಾಲಿಗೆ ತೊಡರುವವಳ ಸುತ್ತಲೂ ಇರುತ್ತದೆ.

ಹೀಗೆ ದೂರ ಇಡುವುದು ಇಂದಿನದಲ್ಲ. ನಮ್ಮ ಹಾವೇರಿ ಜಿಲ್ಲೆ 1997ರಲ್ಲಿ ಬೇರೆಯಾಗುವ ತನಕ ನಾವೆಲ್ಲ ಧಾರವಾಡ ಜಿಲ್ಲೆಯವರೇ. ಅದೇ ಧಾರವಾಡದಲ್ಲಿ 1856ರ ಜೂನ್ ತಿಂಗಳಲ್ಲಿ ಅಸ್ಪೃಶ್ಯರೆನಿಸಿದ್ದ ಮಹಾರ ಜಾತಿಯ ಒಬ್ಬ ಹುಡುಗ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಕೇಳಿದ. ಆಗಿದ್ದದ್ದು ಕಂಪನಿ ಸರಕಾರ, ನಾವು ಮುಂಬಯಿ ಪ್ರಾಂತದವರು. ಶಾಲೆ ಬಾಗಿಲು ತೆರೆಯಲಿಲ್ಲ. ಹುಡುಗ ಸುಮ್ಮನಾಗದೆ ಮುಂಬಯಿ ಸರಕಾರಕ್ಕೇ ಅರ್ಜಿ ಬರೆದ. ಯೋಚನೆ ಮಾಡಿ, ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ, ಆದರೂ ಒಬ್ಬ ಹುಡುಗ ಸರಕಾರದ ಬಾಗಿಲು ಬಡಿದ. ಜುಲೈ ತಿಂಗಳಲ್ಲಿ ಉತ್ತರ ಬಂತು. ನ್ಯಾಯ ಅರ್ಜಿದಾರನ ಕಡೆಗೇ ಇದೆ ಅಂತ ಸರಕಾರ ಅದರಲ್ಲಿ ಒಪ್ಪಿಕೊಂಡಿತ್ತು. ಒಪ್ಪಿಕೊಂಡೂ ಇಲ್ಲ ಅಂದಿತು. ಒಬ್ಬಿಬ್ಬರ ಸಲುವಾಗಿ ಕಾಲಾಂತರದ ರೂಢಿಗೆ ಕೈ ಹಾಕಿದರೆ ಉಳಿದವರೆಲ್ಲ ಶಾಲೆ ಬಿಟ್ಟಾರು, ವಿದ್ಯೆಯ ಕೆಲಸವೇ ಕೆಟ್ಟೀತು ಎಂಬುದು ಅದರ ವಾದ. 1857ರ ಜನವರಿಯಲ್ಲಿ ಗವರ್ನರ್ ಜನರಲ್ ಕಡೆಯಿಂದ ಬಂದ ಪತ್ರ, ಮುಂಬಯಿ ಸರಕಾರ ಮಾಡಿದ್ದು ಜಾಣತನವೇ ಇರಬಹುದು, ಆದರೆ ಬಂಗಾಳದ ಯಾವ ಸರಕಾರಿ ಶಾಲೆಯೂ ಈ ಹುಡುಗನನ್ನು ಹೊರಗಿಡುತ್ತಿರಲಿಲ್ಲ ಅಂದಿತು. 1858ರ ಏಪ್ರಿಲಿನಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರಕಾರದ ದುಡ್ಡಿನಲ್ಲಿ ನಡೆಯುವ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಬರೆದರು. 1928ರಲ್ಲಿ ಸೈಮನ್ ಆಯೋಗಕ್ಕೆ ದಲಿತರ ಶಿಕ್ಷಣದ ಸ್ಥಿತಿ ವಿವರಿಸುವಾಗ ಡಾ. ಅಂಬೇಡ್ಕರ್ ಈ ಧಾರವಾಡದ ಹುಡುಗನ ಸಂಗತಿಯನ್ನೇ ಎತ್ತಿ ಹೇಳಿದರು.

ನನ್ನ ಮನಸ್ಸಿನಲ್ಲಿ ನಾಟಿರುವುದು ಜುಲೈ ತಿಂಗಳ ಆ ಉತ್ತರ. ‘ನ್ಯಾಯ ನಿನ್ನ ಕಡೆ ಇದೆ, ಆದರೆ ಒಬ್ಬನ ಸಲುವಾಗಿ ಎಲ್ಲರಿಗೂ ಯಾಕೆ ತೊಂದರೆ?’ ಈ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ, ಎಸ್‌ಡಿಎಂಸಿ ಸಭೆಗಳಲ್ಲಿ ಕೇಳಿದ್ದೇನೆ. ಹುಡುಗರ ಬಾಯಲ್ಲಿ ಅದು ‘ಹೋಗಲಿ ಬಿಡೋ, ನಮಗ್ಯಾಕ’ ಎಂದು ಬರುತ್ತದೆ. ಅನ್ಯಾಯ ಮಾಡುವವರು ಪ್ರತಿ ಶಾಲೆಯಲ್ಲಿ ನಾಲ್ಕೇ ಮಂದಿ ಇರುತ್ತಾರೆ. ಅವರಿಗೆ ಬಲ ಬರುವುದು ಈ ‘ನಮಗ್ಯಾಕ’ ಎಂಬ ಮಾತಿನಿಂದ. ನೀವು ಎದುರಿಸಬೇಕಾದದ್ದು ಅದನ್ನೇ.

ಕೆಟ್ಟ ಅಡ್ಡಹೆಸರಿಟ್ಟು ಒಬ್ಬ ಕರೆದಾಗ ನಗಬೇಡಿ. ಇಷ್ಟು ಮಾಡಿದರೂ ಅರ್ಧ ಕೆಲಸ ಆಯಿತು, ಯಾಕೆಂದರೆ ನಗುವವರಿಲ್ಲದಿದ್ದರೆ ಕರೆಯುವವನ ಉತ್ಸಾಹ ಇಳಿಯುತ್ತದೆ. ಆಮೇಲೆ ತಾಟು ಹಿಡಿದುಕೊಂಡು ಆ ಖಾಲಿ ಜಾಗಕ್ಕೆ ಹೋಗಿ ಕೂಡ್ರಿ. ಏನೂ ಭಾಷಣ ಬೇಡ. ನಾಳೆಯ ಗಣಿತದ ಲೆಕ್ಕ ಕೇಳಿ, ಸಾರು ಖಾರ ಆಗಿದೆ ಅನ್ನಿ. ನೀವು ಕೂತ ಮೂರನೇ ದಿನ ನಿಮ್ಮ ಜೊತೆ ಇನ್ನೊಬ್ಬ ಬಂದು ಕೂಡುತ್ತಾನೆ. ಹೊಡೆದಾಟಕ್ಕೆ ಮಾತ್ರ ಇಳಿಯಬೇಡಿ. ದೊಡ್ಡ ತಂಟೆಯಾದರೆ ಇಬ್ಬರು ಸೇರಿ ಹೋಗಿ ಶಿಕ್ಷಕರಿಗೆ ಹೇಳಿ. ಒಬ್ಬರೇ ಹೋದರೆ ಚಾಡಿ ಅಂತ ತಳ್ಳಿಹಾಕಬಹುದು, ಇಬ್ಬರ ಮಾತಿಗೆ ತೂಕ ಬರುತ್ತದೆ.

ಗೆಳತಿಯೊಬ್ಬಳು ವಾರಗಟ್ಟಲೆ ಶಾಲೆಗೆ ಬರಲಿಲ್ಲ, ಮನೆಯಲ್ಲಿ ಮದುವೆ ಮಾತು ನಡೆದಿದೆ ಅಂತ ನಿಮ್ಮ ಕಿವಿಗೆ ಬಿದ್ದರೆ, ಅದು ಅವರ ಮನೆ ವಿಷಯ ಅಂತ ಬಿಡಬೇಡಿ. ಹದಿನೆಂಟು ತುಂಬದ ಹುಡುಗಿಯ ಮದುವೆ ನಮ್ಮ ರಾಜ್ಯದಲ್ಲಿ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಕರ್ನಾಟಕ 2016ರಲ್ಲಿ ಮಾಡಿದ ತಿದ್ದುಪಡಿ ಹಾಗೆ ಹೇಳುತ್ತದೆ. 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಇನ್ನು ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕು. ಆ ಸಭೆಯಲ್ಲಿ ಶೌಚಾಲಯಕ್ಕೆ ನೀರಿಲ್ಲ ಅಂತ ಹುಡುಗಿಯರು ಕೇಳುವಾಗ ಹುಡುಗರೂ ಎದ್ದು ನಿಂತು ಕೇಳಲಿ.

ಈಗ ಮಾಸ್ತರರಿಗೆ, ಅಕ್ಕೋರಿಗೆ ಒಂದು ಮಾತು. ನನ್ನ ಮಕ್ಕಳ ವಯಸ್ಸಿನವರು ನೀವು, ಬೇಸರಿಸಬೇಡಿ.

ಇಲ್ಲೇ ಶಿಗ್ಗಾಂವಿ ತಾಲ್ಲೂಕಿನ ಬಾಡದ ಕನಕದಾಸರ ಬಾಳೆಹಣ್ಣಿನ ಕಥೆಯನ್ನು ನೀವು ಪ್ರತಿ ವರ್ಷ ಜಯಂತಿಯಲ್ಲಿ ಹೇಳುತ್ತೀರಿ. ಯಾರೂ ಕಾಣದ ಕಡೆ ತಿಂದು ಬನ್ನಿ ಅಂತ ವ್ಯಾಸರಾಯರು ಶಿಷ್ಯರಿಗೆ ಹಣ್ಣು ಕೊಟ್ಟರು, ದೇವರು ಕಾಣದ ಜಾಗವೇ ಇಲ್ಲ ಅಂತ ಕನಕ ಹಣ್ಣನ್ನು ಹಾಗೇ ತಂದಿಟ್ಟರು. ನಾವು ಕನಕರ ಬುದ್ಧಿಯನ್ನು ಹೊಗಳಿ ಮುಗಿಸುತ್ತೇವೆ. ಒಮ್ಮೆ ಆ ಗುರುವನ್ನು ನೋಡಿ. ಕೆಳಜಾತಿಯವನನ್ನು ಯಾಕೆ ಹತ್ತಿರ ಬಿಟ್ಟುಕೊಂಡಿರಿ ಅಂತ ಉಳಿದ ಶಿಷ್ಯರು ಗೊಣಗುತ್ತಿದ್ದರು. ವ್ಯಾಸರಾಯರು ಅವರನ್ನು ಬೈದಿದ್ದರೆ ಅವರ ಸಿಟ್ಟು ಕನಕರ ಮೇಲೆ ತಿರುಗುತ್ತಿತ್ತು. ಪಾಪ ಅಂತ ಕನಕರ ಪರ ಮಾತಾಡಿದ್ದರೆ ಕನಕರು ಇನ್ನೂ ಸಣ್ಣವರಾಗುತ್ತಿದ್ದರು. ಗುರು ಎರಡನ್ನೂ ಮಾಡಲಿಲ್ಲ. ಎಲ್ಲರಿಗೂ ಒಂದೇ ಹಣ್ಣು, ಒಂದೇ ಪ್ರಶ್ನೆ ಕೊಟ್ಟರು. ಉತ್ತರ ಯಾರಲ್ಲಿದೆ ಅಂತ ಶಿಷ್ಯರು ತಾವೇ ಕಂಡರು. ಶಿಕ್ಷಕರ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಗುಳೆ ಹೋಗಿ ಬಂದ ಹುಡುಗ ಓದಿನಲ್ಲಿ ಹಿಂದೆ ಇರಬಹುದು. ಆದರೆ ಊರೂರು ಕಂಡವನು ಅವನು, ಸಂತೆಯ ಲೆಕ್ಕ ಬಾಯಲ್ಲೇ ಮಾಡುವವನು. ಅವನು ಗೆಲ್ಲಬಹುದಾದ ಪ್ರಶ್ನೆಯನ್ನು ವಾರಕ್ಕೊಂದಾದರೂ ತರಗತಿಯಲ್ಲಿ ಕೇಳಿ.

ನಮ್ಮ ಸೀಮೆಗೆ ಇಂಥ ಗುರುಗಳು ಹೊಸಬರಲ್ಲ. ಶಿಶುವಿನಹಾಳದ ಇಮಾಮ್ ಸಾಹೇಬರ ಮಗ ಷರೀಫರನ್ನು ಕಳಸದ ಗೋವಿಂದಭಟ್ಟರು ಶಿಷ್ಯನೆಂದು ಒಪ್ಪಿಕೊಂಡರು, ಊರು ಏನಂದರೂ ಕೈ ಬಿಡಲಿಲ್ಲ. ಕಾಡಶೆಟ್ಟಿಹಳ್ಳಿಯ ಕಣ್ಣಿಲ್ಲದ ಹುಡುಗನನ್ನು ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತಕ್ಕೆ ಹಚ್ಚಿದರು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾಗಿ, ನಮ್ಮದೇ ಹಾನಗಲ್ಲ ತಾಲ್ಲೂಕಿನ ಇನ್ನೊಬ್ಬ ಕಣ್ಣಿಲ್ಲದ ಹುಡುಗ ಪುಟ್ಟರಾಜರನ್ನು ಬೆಳೆಸಿದರು. ಅವರಿಬ್ಬರೂ ಕಟ್ಟಿ ಬೆಳೆಸಿದ ಗದುಗಿನ ಪುಣ್ಯಾಶ್ರಮದ ಕಥೆ ನಿಮಗೆ ನಾನು ಹೇಳಬೇಕಿಲ್ಲ.

ನೀವು ಮಾಡಬಹುದಾದ ಸಣ್ಣ ಕೆಲಸಗಳಿವೆ. ಸ್ಕಾಲರ್‌ಶಿಪ್ ಅರ್ಜಿ ಬಂದಾಗ ‘ಎಸ್ಸಿ, ಎಸ್ಟಿ ಮಕ್ಕಳು ಎದ್ದು ನಿಲ್ಲಿ’ ಅಂತ ತುಂಬಿದ ತರಗತಿಯಲ್ಲಿ ಕೂಗಬೇಡಿ. ಹಾಜರಿ ಪುಸ್ತಕ ನಿಮ್ಮ ಕೈಯಲ್ಲೇ ಇದೆ, ಒಬ್ಬೊಬ್ಬರನ್ನೇ ಕರೆದು ಕಾಗದ ಕೇಳಿದರೆ ಆಯಿತು. ಅಡುಗೆಯವ್ವನ ಜಾತಿ ನೋಡಿ ಮಕ್ಕಳು ಊಟ ಬಿಡುವ ಸುದ್ದಿ ಕರ್ನಾಟಕದಲ್ಲಿ ಬಂದದ್ದುಂಟು. ನಿಮ್ಮಲ್ಲಿ ಹಾಗಾದರೆ ಮೊದಲ ತಾಟು ನಿಮ್ಮದಾಗಲಿ, ಮಕ್ಕಳ ಕಣ್ಣೆದುರು ಕೂತು ಉಣ್ಣಿ. ದೂರು ಹೇಳಲು ಬಂದ ಮಗುವನ್ನು, ಪೀಡಿಸಿದವನ ಎದುರೇ ನಿಲ್ಲಿಸಿ ‘ಈಗ ಹೇಳು’ ಅನ್ನಬೇಡಿ. ಮತ್ತೆ ಯಾರೂ ನಿಮ್ಮ ಹತ್ತಿರ ಬರುವುದಿಲ್ಲ.

ಕಠಿಣವಾದದ್ದು ಇನ್ನೊಂದಿದೆ. ಜೊತೆಗಿನ ಶಿಕ್ಷಕರೇ ಮಕ್ಕಳನ್ನು ಬಡಿಯುತ್ತಿದ್ದರೆ ಏನು ಮಾಡುವುದು? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಇನ್ನೂ ಕೆಟ್ಟದ್ದು ನಡೆದಿದ್ದರೆ, ಮಗುವಿನ ಮೈಮೇಲೆ ಯಾರಾದರೂ ಕೈ ಹಾಕಿದ್ದು ಗೊತ್ತಾದರೆ, ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯಲ್ಲಿ ಗೊತ್ತಿದ್ದೂ ಮುಚ್ಚಿಟ್ಟ ದೊಡ್ಡವರಿಗೆ ಶಿಕ್ಷೆಯಿದೆ. ಶಾಲೆಯ ಹೆಸರು ಕೆಡುತ್ತದೆ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಆದರೆ ವರ್ಷದ ಲೆಕ್ಕಕ್ಕೆ ಬಂದ ಅತಿಥಿ ಶಿಕ್ಷಕಿಗೆ ಬಾಯಿ ತೆರೆಯುವುದು ಸುಲಭವಲ್ಲ, ಮುಂದಿನ ಜೂನಿಗೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ ಅವಳಿಗಿದೆ. ಕಾಯಂ ನೌಕರಿಯ ಹಿರಿಯರೇ, ಮೊದಲ ಮಾತು ನಿಮ್ಮಿಂದ ಬರಲಿ. ಮುಂದಿನ ಸ್ಟಾಫ್ ಮೀಟಿಂಗಿನಲ್ಲಿ ಅವಳು ಏನಾದರೂ ಹೇಳಲು ಎದ್ದರೆ, ಅವಳು ಮುಗಿಸುವ ತನಕ ಯಾರೂ ನಡುವೆ ಬಾಯಿ ಹಾಕದಂತೆ ನೋಡಿಕೊಳ್ಳಿ. ಮುಗಿದ ಮೇಲೆ ‘ಅವರು ಹೇಳಿದ್ದು ಖರೇ ಇದೆ, ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ’ ಅಂತ ನೀವೇ ಹೇಳಿ.