ಠಾಣೆಯಿಂದ ಕರೆ ಬಂದಾಗ

ಕೊಯ್ಲು ಮುಗಿಸಿ ಆಳುಗಳು ದೇವದುರ್ಗ, ಮಾನ್ವಿ ಕಡೆಗೆ ಮರಳಿದ ಮೇಲೆ ಕಣದಲ್ಲಿ ನಾಲ್ಕು ಮೂಟೆ ಕಾಫಿ ಕಡಿಮೆಯೆಂದು ತಿಳಿಯಿತೆನ್ನೋಣ. ದೂರು ಕೊಡುತ್ತೇವೆ. ‘ಅವರನ್ನೆಲ್ಲ ಕರೆಸಿ’ ಎಂದು ಠಾಣೆಯವರು ಬಾಯಿಮಾತಿನಲ್ಲಿ ಹೇಳಿದೊಡನೆ ಮೇಸ್ತ್ರಿಗೆ ಫೋನು ಮಾಡುವವರೂ ನಾವೇ. ರಾಯಚೂರಿನಿಂದ ಬಂದುಹೋಗುವ ಖರ್ಚು, ಕೂಲಿ ನಷ್ಟ ಅವರದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಮಿನಂತೆ ಸಾಕ್ಷಿಯನ್ನು ಕರೆಸಲು ಲಿಖಿತ ಆದೇಶ ಬೇಕು. ಅದೂ ಆ ಠಾಣೆಯ ಇಲ್ಲವೇ ನೆರೆಠಾಣೆಯ ಸರಹದ್ದಿನಲ್ಲಿರುವವರಿಗೆ ಮಾತ್ರ. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದವರನ್ನು ವಾಸಸ್ಥಳ ಬಿಟ್ಟು ಬರಲು ಬಲವಂತ ಮಾಡುವಂತಿಲ್ಲ. ನಮ್ಮ ಸದಸ್ಯರಲ್ಲಿ ಅರವತ್ತು ದಾಟಿದವರೂ ಇದನ್ನು ನೆನಪಿಡಬೇಕು.

ಆರೋಪಿಯೆಂಬ ಶಂಕೆಯಿದ್ದರೆ ಮಾತು ಬೇರೆ. 35ನೆಯ ಕಲಮಿನ ನೋಟೀಸು ಬಂದರೆ ಹಾಜರಾಗಲೇಬೇಕು, ತಪ್ಪಿಸಿಕೊಂಡರೆ ಬಂಧನವಾದೀತು.

ಕೇಳಿದ್ದಕ್ಕೆ ನಿಜವನ್ನೇ ಹೇಳತಕ್ಕದ್ದು. ಆದರೆ ತನ್ನ ಮೇಲೆಯೇ ಅಪರಾಧ ತರುವಂಥ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ನಾವು ಕೊಟ್ಟ ದೂರಿಗೆ ನಮ್ಮ ಸಹಿ ಬೇಕು, ಪ್ರತಿಯನ್ನು ಉಚಿತವಾಗಿ ಪಡೆಯಬೇಕು. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ, ಹೆಬ್ಬೆಟ್ಟು ಕೂಡದೆಂದು 181ನೆಯ ಕಲಮು ಹೇಳುತ್ತದೆ. ಖಾಲಿ ಹಾಳೆಗಂತೂ, ಧಣಿ ಹೇಳಿದರೂ, ಒತ್ತಕೂಡದು.

ವಕೀಲರಿಗೆ ಹಣವಿಲ್ಲದವರು ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು; ಉಚಿತ ದೂರವಾಣಿ 15100. ಈ ಸಂಖ್ಯೆಯನ್ನು ಲೈನುಮನೆಯ ಗೋಡೆಗೆ ಬರೆಸಿಡಿ.